ಸುದ್ದಿ ಬರೆಯುವವರ ಸುದ್ದಿ



‘ಲೇ ಆಫ್’ ಎಂಬ ಮಾತಿನ ಅರ್ಥವನ್ನು ಗಚ್ಚಿಬೌಲಿಯಲ್ಲಿ ಬೆಳೆದ ನಿಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2023ರ ಜನವರಿಯಲ್ಲಿ ಗೂಗಲ್ ಜಗತ್ತಿನಾದ್ಯಂತ 12,000 ಮಂದಿಯನ್ನು, ಮೈಕ್ರೋಸಾಫ್ಟ್ 10,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದಾಗ ನಮ್ಮ ಸುತ್ತಮುತ್ತಲಿನ ಮನೆಗಳಲ್ಲೆಲ್ಲ ಅದೇ ಮಾತು. ಪತ್ರಿಕೆಗಳೂ ಅದನ್ನು ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಿದವು. ಸರಿಯೇ. ಆದರೆ ಆ ಸುದ್ದಿಯನ್ನು ಬರೆದವರ, ತಿದ್ದಿದವರ, ಪುಟ ಕಟ್ಟಿದವರ, ಅಚ್ಚು ಹಾಕಿದವರ ಕೆಲಸ ಹೋದರೆ ಅದು ಯಾವ ಪತ್ರಿಕೆಯ ಯಾವ ಪುಟದಲ್ಲಿ ಬರುತ್ತದೆ? ಬಹುಮಟ್ಟಿಗೆ ಎಲ್ಲಿಯೂ ಬರುವುದಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

“ನಾವು ಪತ್ರಿಕೆ ಓದುವುದೇ ಇಲ್ಲ. ಕನ್ನಡ ಮಾತಾಡುತ್ತೇವೆ, ಓದಲು ಮಾತ್ರ ತಡವರಿಸುತ್ತೇವೆ. ಎಲ್ಲೋ ಒಂದು ದಿನಪತ್ರಿಕೆ ನಷ್ಟದಲ್ಲಿದ್ದರೆ ನಮಗೇನು?” ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುವ ಮೊದಲು ಒಂದು ದಿನಪತ್ರಿಕೆಯ ಜಮಾಖರ್ಚನ್ನು ನೋಡೋಣ.

ದಿನಪತ್ರಿಕೆ ಎಂಬುದು ಒಂದು ವಿಚಿತ್ರ ಸರಕು. ತಯಾರಿಸಲು ತಗಲುವ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಾಟವಾಗುತ್ತದೆ. ತಿಂಗಳ ಕೊನೆಗೆ ರದ್ದಿಗೆ ಹಾಕಿದರೆ ಕೊಟ್ಟ ಹಣದಲ್ಲಿ ಒಂದಿಷ್ಟು ವಾಪಸು ಬರುತ್ತದೆ. ಇಂಥ ಸರಕು ಬೇರೆ ಯಾವ ಅಂಗಡಿಯಲ್ಲಿದೆ ಹೇಳಿ! ಇಂದು ಕನ್ನಡ ದಿನಪತ್ರಿಕೆಯೊಂದರ ಬೆಲೆ ಐದಾರು ರೂಪಾಯಿಯ ಆಸುಪಾಸು. ನೀವು ಗೆಳೆಯರೊಂದಿಗೆ ಕುಡಿಯುವ ಒಂದು ಇರಾನಿ ಚಹಾದ ಹಣಕ್ಕೆ ಎರಡು ಮೂರು ದಿನದ ಪತ್ರಿಕೆ ಬರುತ್ತದೆ. ಆ ಐದಾರು ರೂಪಾಯಿಯಲ್ಲೂ ಏಜೆಂಟರ ಕಮಿಷನ್ ಕಳೆಯಬೇಕು, ಮನೆಗೆ ಹಾಕುವ ಹುಡುಗನ ಪಾಲು ಕಳೆಯಬೇಕು. ಉಳಿದ ಚಿಲ್ಲರೆಯಲ್ಲಿ ಕಾಗದ, ಶಾಯಿ, ಮುದ್ರಣ, ಸಾಗಣೆ, ಸಂಬಳ ಎಲ್ಲವನ್ನೂ ತೂಗಿಸುವುದು ಸಾಧ್ಯವೇ ಇಲ್ಲ.

ಬೆಲೆ ಏರಿಸಬಾರದೇ? ಏರಿಸಿದರೆ ಓದುಗ ಬಿಟ್ಟುಹೋಗುತ್ತಾನೆ. ಇದು ಬರಿಯ ವ್ಯಾಪಾರದ ಮಾತಲ್ಲ, ನ್ಯಾಯಾಲಯದವರೆಗೆ ಹೋದ ಮಾತು. ಇಷ್ಟು ಪುಟಕ್ಕೆ ಇಷ್ಟು ಬೆಲೆ ಎಂದು ಕೇಂದ್ರ ಸರ್ಕಾರ 1960ರಲ್ಲಿ ಆದೇಶ ಹೊರಡಿಸಿದಾಗ ಪುಣೆಯ ಮರಾಠಿ ದಿನಪತ್ರಿಕೆ ‘ಸಕಾಳ್’ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಬೆಲೆ ಏರಿಸುವಂತೆ ಮಾಡಿದರೆ ಪ್ರಸಾರ ಕುಗ್ಗುತ್ತದೆ, ಪ್ರಸಾರ ಕುಗ್ಗಿದರೆ ವಾಕ್‌ಸ್ವಾತಂತ್ರ್ಯವೇ ಕುಗ್ಗಿದಂತೆ ಎಂದು ನ್ಯಾಯಾಲಯ 1961ರಲ್ಲಿ ಆ ಆದೇಶವನ್ನೂ ಅದರ ಹಿಂದಿದ್ದ 1956ರ ಕಾಯಿದೆಯನ್ನೂ ತಳ್ಳಿಹಾಕಿತು. ಹೀಗೆ ಅಗ್ಗದ ಪತ್ರಿಕೆ ಎನ್ನುವುದು ನಮ್ಮ ದೇಶದಲ್ಲಿ ಓದುಗನ ಹಕ್ಕಿನಂತೆಯೇ ಆಗಿಬಿಟ್ಟಿತು.

ಹಾಗಾದರೆ ಉಳಿದ ಖರ್ಚನ್ನು ಕೊಡುತ್ತಿದ್ದವರು ಯಾರು? ಜಾಹೀರಾತು ಕೊಡುವವರು. ವರ ಬೇಕಾಗಿದ್ದಾನೆ, ಮನೆ ಬಾಡಿಗೆಗಿದೆ, ಸ್ಕೂಟರ್ ಮಾರಾಟಕ್ಕಿದೆ, ಗುಮಾಸ್ತರು ಬೇಕಾಗಿದ್ದಾರೆ, ಸೀರೆ ಅಂಗಡಿಯಲ್ಲಿ ರಿಯಾಯಿತಿ, ಶಾಲೆಯಲ್ಲಿ ಪ್ರವೇಶ ಆರಂಭ, ಸರ್ಕಾರಿ ಟೆಂಡರ್, ಶ್ರದ್ಧಾಂಜಲಿ. ನಿಮ್ಮ ತಂದೆ ತಾಯಿಯರಲ್ಲಿ ಎಷ್ಟೋ ಮಂದಿಯ ಮೊದಲ ಕೆಲಸ, ಮೊದಲ ಬಾಡಿಗೆ ಮನೆ, ಬಹುಶಃ ಮದುವೆಯೂ ಇಂಥ ಎರಡು ಸಾಲಿನ ವರ್ಗೀಕೃತ ಜಾಹೀರಾತಿನಿಂದಲೇ ಆಗಿರಬೇಕು. ಕೇಳಿ ನೋಡಿ. ಆ ಎರಡು ಸಾಲು ತಂದುಕೊಟ್ಟ ಹಣದಲ್ಲೇ ಯಾವುದೋ ತಾಲ್ಲೂಕಿನ ವರದಿಗಾರ ಬಸ್ಸು ಹತ್ತಿ ಕೆರೆ ಒಡೆದ ಊರಿಗೆ ಹೋಗಿ ಬರುತ್ತಿದ್ದ.

ಆ ಎರಡು ಸಾಲುಗಳು ಇಂದು ಎಲ್ಲಿ ಹೋದವು? ದೂರ ಹುಡುಕಬೇಕಾಗಿಲ್ಲ. ಹೈದರಾಬಾದಿನಲ್ಲಿ ಗೂಗಲ್ ಕಚೇರಿ ತೆರೆದದ್ದು 2004ರಲ್ಲಿ, ಫೇಸ್‌ಬುಕ್ 2010ರಲ್ಲಿ. ಮನೆ, ವರ, ಕೆಲಸ, ಹಳೆಯ ಸ್ಕೂಟರು ಎಲ್ಲವೂ ಈಗ ಮೊಬೈಲಿನಲ್ಲಿವೆ. ಅವುಗಳ ಜಾಹೀರಾತಿನ ಹಣದ ದೊಡ್ಡ ಪಾಲು ಇಂಥ ಕಂಪನಿಗಳಿಗೆ ಹೋಗುತ್ತದೆ. ನಿಮ್ಮಲ್ಲಿ ಕೆಲವರಿಗೆ ಸಂಬಳವೂ ಅದೇ ಹಣದಿಂದ ಬರುತ್ತಿರಬಹುದು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಪ್ರಾಮಾಣಿಕ ದುಡಿಮೆಯೇ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಪತ್ರಿಕೆಗೆ ಬಂದ ಜಾಹೀರಾತಿನ ಹಣದಲ್ಲಿ ಒಂದು ಪಾಲು ಊರಿನ ಸುದ್ದಿ ತರುವುದಕ್ಕೆ ಖರ್ಚಾಗುತ್ತಿತ್ತು. ಹುಡುಕುವ ಯಂತ್ರಕ್ಕೆ ಹೋದ ಹಣದಿಂದ ಯಾರೂ ಔರಾದಿಗೋ ಚಿಂಚೋಳಿಗೋ ವರದಿಗಾರನನ್ನು ಕಳಿಸುವುದಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಅಮೆರಿಕದ ಡೆನ್ವರ್ ನಗರದ ‘ರಾಕಿ ಮೌಂಟನ್ ನ್ಯೂಸ್’ ಎಂಬ ದಿನಪತ್ರಿಕೆ 1859ರಲ್ಲಿ ಹುಟ್ಟಿ, 150 ವರ್ಷ ತುಂಬಲು ಕೆಲವೇ ವಾರಗಳಿರುವಾಗ, 2009ರ ಫೆಬ್ರುವರಿಯಲ್ಲಿ ಮುಚ್ಚಿಹೋಯಿತು. 2005ರಿಂದೀಚೆಗೆ ಆ ದೇಶದ ಪತ್ರಿಕೆಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಣ್ಮರೆಯಾಗಿವೆ.

ಹಾಗೆಂದು ಎಲ್ಲ ಪಾಪವನ್ನೂ ಮೊಬೈಲಿನ ತಲೆಗೆ ಕಟ್ಟುವುದೂ ಸರಿಯಲ್ಲ. ಪತ್ರಿಕೆಗಳು ಮೊದಲೂ ಮುಚ್ಚಿವೆ. ನಮ್ಮ ಹೈದರಾಬಾದಿನ ಸುತ್ತಿನ ಉದಾಹರಣೆಗಳನ್ನೇ ನೋಡಿ. ಸಿನಿಮಾ ನಿರ್ದೇಶಕ ದಾಸರಿ ನಾರಾಯಣರಾವ್ 1984ರಲ್ಲಿ ಆರಂಭಿಸಿದ ತೆಲುಗು ದಿನಪತ್ರಿಕೆ ‘ಉದಯಂ’ ಹತ್ತು ಹನ್ನೊಂದು ವರ್ಷಗಳಲ್ಲಿ ನಿಂತಿತು. 1960ರಲ್ಲಿ ವಿಜಯವಾಡದಲ್ಲಿ ಹುಟ್ಟಿದ ‘ಆಂಧ್ರಜ್ಯೋತಿ’ 2000ದ ಕೊನೆಯಲ್ಲಿ ಬಾಗಿಲು ಮುಚ್ಚಿತು. ಅದೇ ಪತ್ರಿಕೆಯಲ್ಲಿ ಹಿಂದೆ ವರದಿಗಾರರಾಗಿದ್ದ ವೇಮೂರಿ ರಾಧಾಕೃಷ್ಣ ಅದನ್ನು ಕೊಂಡು 2002ರ ಅಕ್ಟೋಬರಿನಲ್ಲಿ ಮತ್ತೆ ಹೊರತಂದರು. ಸತ್ತ ಪತ್ರಿಕೆ ಹೀಗೆ ಎದ್ದು ಕುಳಿತದ್ದು ಅಪರೂಪ. ಆದರೆ ನಡುವಿನ ಸುಮಾರು ಎರಡು ವರ್ಷ ಅಲ್ಲಿ ದುಡಿದವರ ಮನೆಯ ಒಲೆ ಹೇಗೆ ಉರಿಯಿತು ಎಂಬುದು ಯಾವ ಇತಿಹಾಸದಲ್ಲೂ ಬರೆದಿಲ್ಲ.

‘ಡೆಕ್ಕನ್ ಕ್ರಾನಿಕಲ್’ ಕಥೆ ಬೇರೆ. 1938ರಿಂದ ನಡೆದು ಬಂದ ಆ ಇಂಗ್ಲಿಷ್ ಪತ್ರಿಕೆಗೆ ಓದುಗರ ಕೊರತೆ ಇರಲಿಲ್ಲ. ಕ್ರಿಕೆಟ್ ಪ್ರಿಯರಾದ ನಿಮಗೆ ಡೆಕ್ಕನ್ ಚಾರ್ಜರ್ಸ್ ತಂಡದ ಹೆಸರು ಗೊತ್ತಿರಬಹುದು, 2009ರಲ್ಲಿ ಐಪಿಎಲ್ ಗೆದ್ದ ತಂಡ. ಅದು ಇದೇ ಪತ್ರಿಕೆಯ ಕಂಪನಿಯ ತಂಡವಾಗಿತ್ತು. 2012ರ ಹೊತ್ತಿಗೆ ಕಂಪನಿ ಸಾಲದಲ್ಲಿ ಮುಳುಗಿತು, ತಂಡ ಕೈತಪ್ಪಿತು. 2017ರಲ್ಲಿ ಕೆನರಾ ಬ್ಯಾಂಕಿನ ಅರ್ಜಿಯ ಮೇಲೆ ಕಂಪನಿಯ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಪತ್ರಿಕೆಯ ಹೆಸರು ಉಳಿಯಿತು. ಆದರೆ ಇಂಥ ಪ್ರಸಂಗಗಳಲ್ಲಿ ಮಾಲೀಕರ ಸಾಲದ ಬಿಸಿ ಮೊದಲು ತಟ್ಟುವುದು ಸುದ್ದಿಮನೆಯಲ್ಲಿ ಕೂತವರಿಗೆ.

ಕನ್ನಡದ ಕಡೆಗೆ ಬರೋಣ. 1984ರಲ್ಲಿ ಮಂಗಳೂರಿನಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ‘ಮುಂಗಾರು’ ದಿನಪತ್ರಿಕೆಯನ್ನು ಆರಂಭಿಸಿದರು. ಅವರ ಹಿಂದೆ ಸಾಹುಕಾರರು ಇರಲಿಲ್ಲ. ಓದುಗರಿಂದಲೇ ಸಣ್ಣ ಸಣ್ಣ ಷೇರು ಹಣ ಕೂಡಿಸಿ ಕಟ್ಟಿದ ಪತ್ರಿಕೆ ಅದು. ಅಲ್ಲಿ ಪಳಗಿದ ಅನೇಕ ತರುಣರು ಮುಂದೆ ಕನ್ನಡದ ಹೆಸರಾಂತ ಪತ್ರಕರ್ತರಾದರು. ಆದರೂ ಹಣದ ಮುಗ್ಗಟ್ಟನ್ನು ತಾಳಲಾರದೆ 1990ರ ದಶಕದಲ್ಲಿ ಅದು ನಿಂತುಹೋಯಿತು. ಆದರ್ಶ ಇದ್ದರೆ ಸಾಲದು, ಕಾಗದದ ಬಿಲ್ಲಿಗೆ ಆದರ್ಶ ಗೊತ್ತಿಲ್ಲ.

1999ರಲ್ಲಿ ಲಾರಿ ಸಾಗಣೆಯ ಉದ್ಯಮಿ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ವನ್ನು ಹೊರತಂದಾಗ ಕಡಿಮೆ ಬೆಲೆಯೇ ಅದರ ದೊಡ್ಡ ಆಯುಧವಾಗಿತ್ತು. ಜಿಲ್ಲೆ ಜಿಲ್ಲೆಯ ಸುದ್ದಿಗೂ ಜಾಗ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಅದು ಮೊದಲ ಸಾಲಿಗೆ ಬಂತು, 2006ರಲ್ಲಿ ಟೈಮ್ಸ್ ಸಮೂಹ ಅದನ್ನು ಕೊಂಡಿತು. ಹೊಸದಾಗಿ ಪತ್ರಿಕೆ ಹಿಡಿದ ಲಕ್ಷಾಂತರ ಮಂದಿಗೆ ಇದರಿಂದ ಅನುಕೂಲವಾಯಿತು ನಿಜ. ಆದರೆ ಒಬ್ಬರು ಬೆಲೆ ಇಳಿಸಿದರೆ ಉಳಿದವರೂ ಇಳಿಸಲೇಬೇಕು. ಬೆಂಗಳೂರಿನ ದೊಡ್ಡ ಮನೆತನಗಳು ತಡೆದುಕೊಂಡಾವು, ಜಿಲ್ಲಾ ಕೇಂದ್ರದಿಂದ ಕೆಲವೇ ಸಾವಿರ ಪ್ರತಿ ಅಚ್ಚು ಹಾಕುವ ಸಣ್ಣ ಪತ್ರಿಕೆ ಎಲ್ಲಿಗೆ ಹೋಗಬೇಕು? ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಹಾಗೆ.

ಇದರ ಮೇಲೆ ಬಂದದ್ದು ಕಾಗದದ ಪೆಟ್ಟು. ಪತ್ರಿಕೆ ಅಚ್ಚು ಹಾಕುವ ನ್ಯೂಸ್‌ಪ್ರಿಂಟ್ ಕಾಗದದ ದೊಡ್ಡ ಪಾಲು ಹೊರದೇಶಗಳಿಂದ ಬರಬೇಕು. 2019ರ ಜುಲೈ ಬಜೆಟ್ಟಿನಲ್ಲಿ ಅದರ ಮೇಲೆ ಶೇಕಡ 10ರಷ್ಟು ಆಮದು ಸುಂಕ ಬಿತ್ತು. ಮರುವರ್ಷ ಅದನ್ನು ಶೇಕಡ 5ಕ್ಕೆ ಇಳಿಸಿದರು. ಅಷ್ಟರಲ್ಲಿ ಕೊರೋನಾ ಬಂತು.

2020ರ ಮಾರ್ಚ್ ನಿಮಗೆ ನೆನಪಿದೆಯಲ್ಲವೇ? ಪತ್ರಿಕೆಯ ಮೂಲಕ ಸೋಂಕು ಬರುತ್ತದೆ ಎಂಬ ಗಾಳಿಮಾತು ಹಬ್ಬಿ, ಅನೇಕ ನಗರಗಳ ವಸತಿ ಸಮುಚ್ಚಯಗಳಲ್ಲಿ ಪತ್ರಿಕೆ ಹಾಕುವ ಹುಡುಗರನ್ನು ಗೇಟಿನಲ್ಲೇ ತಡೆದರು. ಅಂಗಡಿ ಮುಚ್ಚಿದ್ದರಿಂದ ಜಾಹೀರಾತು ನಿಂತಿತು. ಎರಡೇ ತಿಂಗಳಲ್ಲಿ 4,000 ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಗಿದೆ ಎಂದು ಪತ್ರಿಕಾ ಮಾಲೀಕರ ಸಂಸ್ಥೆಯಾದ ಇಂಡಿಯನ್ ನ್ಯೂಸ್‌ಪೇಪರ್ ಸೊಸೈಟಿ ಸರ್ಕಾರದ ಮುಂದೆ ಹೇಳಿಕೊಂಡಿತು. ದೇಶದ ಅನೇಕ ಪತ್ರಿಕೆಗಳಲ್ಲಿ ಸಂಬಳ ಕಡಿತವಾಯಿತು, ಸಂಬಳವಿಲ್ಲದ ರಜೆ ಕೊಟ್ಟರು, ರಾಜೀನಾಮೆ ಬರೆಸಿಕೊಂಡರು. ಪುಟಗಳು ತೆಳ್ಳಗಾದವು, ಜಿಲ್ಲಾ ಪುರವಣಿಗಳು ಮುಖ್ಯ ಪತ್ರಿಕೆಯೊಳಗೆ ಸೇರಿಹೋದವು. ಮುಂಬಯಿಯಂಥ ನಗರದಲ್ಲೇ ‘ಮುಂಬಯಿ ಮಿರರ್’ ದಿನಪತ್ರಿಕೆ ಆ ಡಿಸೆಂಬರಿನಲ್ಲಿ ನಿಂತು ವಾರಪತ್ರಿಕೆಯಾಯಿತು. ಪತ್ರಕರ್ತರ ಸಂಘಗಳು ಸುಪ್ರೀಂ ಕೋರ್ಟಿಗೆ ಹೋದವು. ರೋಗದ ಭಯ ತಗ್ಗಿದ ಮೇಲೂ ಪತ್ರಿಕೆ ಬಿಟ್ಟ ಮನೆಗಳಲ್ಲಿ ಎಷ್ಟೋ ಮನೆ ಮತ್ತೆ ಹಾಕಿಸಿಕೊಳ್ಳಲಿಲ್ಲ. 2022ರಲ್ಲಿ ರಷ್ಯಾ ಮತ್ತು ಉಕ್ರೇನ್ ಯುದ್ಧ ಶುರುವಾದಾಗ ಕಾಗದದ ಬೆಲೆ ಇನ್ನಷ್ಟು ಏರಿತು.

ಈಗ ಕೆಲಸ ಕಳೆದುಕೊಂಡವರ ವಿಷಯ. ನೀವು ಕಂಡ ಲೇ ಆಫ್‌ನಲ್ಲಿ ಮೇಲ್ ಬರುತ್ತದೆ, ಕೆಲವು ತಿಂಗಳ ಸಂಬಳ ಕೊಡುತ್ತಾರೆ, ರೆಸ್ಯೂಮೆ ತಿದ್ದಿಕೊಂಡು ಮತ್ತೊಂದು ಕಟ್ಟಡಕ್ಕೆ ಹೋಗುವ ದಾರಿಯಾದರೂ ಇರುತ್ತದೆ. ಜಿಲ್ಲಾ ಪತ್ರಿಕೆಯ ಉಪಸಂಪಾದಕನಿಗೆ 45ನೇ ವಯಸ್ಸಿನಲ್ಲಿ ಕೆಲಸ ಹೋದರೆ ಆ ಊರಿನಲ್ಲಿ ಎದುರು ಕಟ್ಟಡವೇ ಇಲ್ಲ. ಅವನಿಗಿಂತ ಮೊದಲು ಹೋದವರೂ ಇದ್ದಾರೆ. ಕಂಪ್ಯೂಟರ್ ಬಂದಾಗ ಅಚ್ಚುಮೊಳೆ ಜೋಡಿಸುವವರು ಹೋದರು, ಆಮೇಲೆ ಕರಡು ತಿದ್ದುವವರು ಹೋದರು. ಈಗಿನ ಪತ್ರಿಕೆಗಳಲ್ಲಿ ಕಾಗುಣಿತ ತಪ್ಪಿದೆ ಎಂದು ನಿಮ್ಮ ಅಜ್ಜ ಗೊಣಗುತ್ತಾರಲ್ಲ, ಆ ತಪ್ಪನ್ನು ತಿದ್ದುತ್ತಿದ್ದ ಮನುಷ್ಯನ ಕುರ್ಚಿ ಖಾಲಿಯಾಗಿದೆ ಎಂದು ಅದರರ್ಥ.

ಇವರೆಲ್ಲರಿಗಿಂತ ಕೆಳಗಿನ ಮೆಟ್ಟಿಲಿನಲ್ಲಿರುವವನು ತಾಲ್ಲೂಕಿನ ಬಿಡಿ ಸುದ್ದಿಗಾರ. ತೆಲುಗಿನಲ್ಲಿ ‘ಈನಾಡು’ 1989ರಲ್ಲಿ ಜಿಲ್ಲೆಗೊಂದು ಪ್ರತ್ಯೇಕ ಪುರವಣಿ ಆರಂಭಿಸಿದ ಮೇಲೆ ಹಳ್ಳಿಹಳ್ಳಿಯಲ್ಲಿ ಇಂಥವರು ಹುಟ್ಟಿಕೊಂಡರು. ಕನ್ನಡದ ಪತ್ರಿಕೆಗಳಲ್ಲೂ ಇದ್ದಾರೆ. ಬರೆದ ಅಂಕಣದ ಅಳತೆಗೆ ತಕ್ಕಂತೆ ಒಂದಿಷ್ಟು ಗೌರವಧನ, ಎಷ್ಟೋ ಕಡೆ ಅದೂ ಇಲ್ಲ. ಬದಲಿಗೆ ಊರಿನ ಜಾಹೀರಾತು ತಂದುಕೊಟ್ಟರೆ ಕಮಿಷನ್. ಯೋಚಿಸಿ: ಬೆಳಿಗ್ಗೆ ಯಾವ ಗುತ್ತಿಗೆದಾರನ ಕಳಪೆ ರಸ್ತೆಯ ಬಗ್ಗೆ ಬರೆಯಬೇಕೋ, ಸಂಜೆ ಅವನ ಮನೆಗೇ ಹೋಗಿ ರಾಜ್ಯೋತ್ಸವದ ಶುಭಾಶಯ ಜಾಹೀರಾತು ಬೇಡಬೇಕು. ಪತ್ರಕರ್ತರು ಹಣಕ್ಕೆ ಬಾಗುತ್ತಾರೆ ಎಂದು ನಾವು ಸುಲಭವಾಗಿ ಬೈಯುತ್ತೇವೆ. ನೆಟ್ಟಗೆ ನಿಲ್ಲಲು ಬೇಕಾದ ಸಂಬಳವನ್ನು ಯಾರು ಕೊಟ್ಟಿದ್ದಾರೆ?

ಕಾನೂನು ಇರಲಿಲ್ಲವೆಂದಲ್ಲ. 1955ರಲ್ಲೇ ಕಾರ್ಯನಿರತ ಪತ್ರಕರ್ತರ ಕಾಯಿದೆ ಬಂತು, ವೇತನ ಮಂಡಳಿಗಳು ಬಂದವು. ಕೊನೆಯದಾದ ಮಜೀಠಿಯಾ ಮಂಡಳಿಯ ಶಿಫಾರಸನ್ನು ಸರ್ಕಾರ 2011ರಲ್ಲಿ ಒಪ್ಪಿತು, ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಿತು. ಆದರೂ ಕೈಗೆ ಹಣ ಬಾರದೆ ನೌಕರರು ಮತ್ತೆ ಅದೇ ಕೋರ್ಟಿಗೆ ಹೋಗಬೇಕಾಯಿತು. ಗುತ್ತಿಗೆಯ ಮೇಲೆ ಇರುವವರಿಗೂ ಈ ವೇತನ ಸಲ್ಲಬೇಕು ಎಂದು 2017ರಲ್ಲಿ ನ್ಯಾಯಾಲಯ ಹೇಳಿತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1955ರ ಆ ಕಾಯಿದೆ ಅವುಗಳಲ್ಲಿ ಲೀನವಾಯಿತು. ತಾಲ್ಲೂಕಿನ ಬಿಡಿ ಸುದ್ದಿಗಾರನ ಹೆಸರು ಮಾತ್ರ ಎಷ್ಟೋ ಕಡೆ ಸಂಬಳದ ಪಟ್ಟಿಯಲ್ಲೇ ಇಲ್ಲ. ಪಟ್ಟಿಯಲ್ಲೇ ಇಲ್ಲದವನನ್ನು ತೆಗೆಯಲು ನೋಟೀಸೂ ಬೇಕಾಗಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಇದರಿಂದ ನಿಮಗೇನು?

ನಮ್ಮಲ್ಲಿ ಅನೇಕರ ಮೂಲ ಬೀದರ್, ಕಲಬುರಗಿ, ರಾಯಚೂರು ಕಡೆ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಲ್ಲಿ ಅಜ್ಜನ ಹೆಸರಿನಲ್ಲಿ ಎರಡೋ ಮೂರೋ ಎಕರೆ ಹೊಲ ಇನ್ನೂ ಉಳಿದಿರುವ ಮನೆಗಳು ಎಷ್ಟೋ ಇವೆ. ಕಾಲುವೆಗೆಂದು ಸರ್ಕಾರ ಆ ಹೊಲವನ್ನು ತೆಗೆದುಕೊಳ್ಳಬೇಕಾಯಿತು ಎಂದಿಟ್ಟುಕೊಳ್ಳಿ. 2013ರ ಭೂಸ್ವಾಧೀನ ಕಾಯಿದೆಯ 11ನೇ ಕಲಮಿನ ಪ್ರಕಾರ ಪ್ರಾಥಮಿಕ ಅಧಿಸೂಚನೆಯನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ಎರಡು ದಿನಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಅಲ್ಲಿನ ಭಾಷೆಯದ್ದಾಗಿರಬೇಕು. ಆಕ್ಷೇಪಣೆ ಸಲ್ಲಿಸಲು ಪ್ರಕಟಣೆಯಿಂದ 60 ದಿನ. ಪಂಚಾಯಿತಿ ಕಚೇರಿಯಲ್ಲೂ ಜಾಲತಾಣದಲ್ಲೂ ಹಾಕುತ್ತಾರೆ, ಆದರೆ ಗಚ್ಚಿಬೌಲಿಯಲ್ಲಿ ಕೂತು ಅವನ್ನು ದಿನವೂ ನೋಡುವವರು ಯಾರು? ಊರಿನಲ್ಲಿ ಪತ್ರಿಕೆ ಓದುವ ದೊಡ್ಡಪ್ಪನೋ ಅಂಗಡಿಯವರೋ ನೋಡಿ ಫೋನು ಮಾಡಬೇಕು. ಆ ಪತ್ರಿಕೆಯನ್ನು ಓದುವವರೂ ಇಲ್ಲ, ಓದಿದರೂ ನಿಮಗೆ ಕನ್ನಡ ಅಕ್ಷರ ಬಾರದು ಎಂದಾದರೆ 60 ದಿನ ಸದ್ದಿಲ್ಲದೆ ಕಳೆದುಹೋಗುತ್ತದೆ.

ನೋಟೀಸಿಗಿಂತಲೂ ದೊಡ್ಡದು ಸುದ್ದಿ. 1990ರ ದಶಕದ ಆರಂಭದಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ, ಸಾಕ್ಷರತಾ ತರಗತಿಗೆ ಬರುತ್ತಿದ್ದ ಹೆಂಗಸರು ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಅದು ಒಂದು ಹಳ್ಳಿಯ ಜಗಳವಾಗಿ ಮುಗಿದುಹೋಗಬಹುದಿತ್ತು. ‘ಈನಾಡು’ವಿನ ಜಿಲ್ಲಾ ಪುಟಗಳು ಅದನ್ನು ಊರಿಂದೂರಿಗೆ ಒಯ್ದವು. ಅವರು ಮಾಡಿದರು, ನಾವೇಕೆ ಮಾಡಬಾರದು ಎಂದು ಬೇರೆ ಹಳ್ಳಿಯ ಹೆಂಗಸರೂ ಎದ್ದರು. 1993ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, 1995ರಲ್ಲಿ ಪೂರ್ಣ ಪಾನನಿಷೇಧ ಬಂತು. ಆ ಪಾನನಿಷೇಧ ಬಹುಕಾಲ ಬಾಳಲಿಲ್ಲ, ಅದು ಬೇರೆ ಮಾತು. ಆದರೆ ಆ ಹೆಂಗಸರ ದನಿ ರಾಜಧಾನಿಗೆ ಕೇಳಿಸಿತಲ್ಲ, ಅದರ ಹಿಂದೆ ಅಂಕಣದ ಅಳತೆಗೆ ಕೂಲಿ ಪಡೆಯುವ ಬಿಡಿ ಸುದ್ದಿಗಾರರ ದುಡಿಮೆಯೂ ಇತ್ತು.

“ಸುದ್ದಿ ಮೊಬೈಲಿನಲ್ಲಿ ಪುಕ್ಕಟೆ ಬರುತ್ತದಲ್ಲ?” ಎನ್ನುತ್ತೀರಿ. ಬರುತ್ತದೆ. ಆದರೆ ಮೊಬೈಲು ಸುದ್ದಿಯನ್ನು ಹಂಚುತ್ತದೆ, ಹೆರುವುದಿಲ್ಲ. ನಿಮ್ಮ ಊರಿನ ಬಗ್ಗೆ ವಾಟ್ಸಾಪಿನಲ್ಲಿ ಬಂದ ನಾಲ್ಕು ಸಾಲಿನ ಮೂಲ ಹುಡುಕುತ್ತಾ ಹೋಗಿ, ಅದು ನಂಬುವಂಥ ಸುದ್ದಿಯಾಗಿದ್ದರೆ ಬಹಳ ಸಲ ಯಾವುದೋ ದಿನಪತ್ರಿಕೆಯ ವರದಿಗಾರನಲ್ಲಿಗೇ ತಲುಪುತ್ತೀರಿ. ಅವನಿಲ್ಲದ ಊರಿನಲ್ಲಿ ಉಳಿಯುವುದು ಗಾಳಿಸುದ್ದಿ ಮಾತ್ರ.

ಹಾಗಾದರೆ ಏನು ಮಾಡಬೇಕು? ಪತ್ರಿಕೋದ್ಯಮವನ್ನು ಉಳಿಸುವ ಭಾರವನ್ನು ನಿಮ್ಮ ಹೆಗಲ ಮೇಲೆ ಹೊರಿಸುವ ಹುಚ್ಚು ನನಗಿಲ್ಲ. ಮೂರು ಸಣ್ಣ ಕೆಲಸಗಳನ್ನು ಹೇಳುತ್ತೇನೆ, ಆದರೆ ಮಾಡಿ.

ಒಂದು, ನಿಮ್ಮ ಮೂಲ ಜಿಲ್ಲೆಯ ಪುಟವಿರುವ ಒಂದು ಕನ್ನಡ ಪತ್ರಿಕೆಗೆ ಹಣ ಕೊಟ್ಟು ಚಂದಾದಾರರಾಗಿ. ಕಾಗದದ ಪ್ರತಿ ಇಲ್ಲಿಗೆ ತಲುಪದಿದ್ದರೆ ಇ-ಪತ್ರಿಕೆ ತರಿಸಿ. ಸಿನಿಮಾ ನೋಡಲು ತಿಂಗಳಿಗೆ ಕೊಡುವ ಚಂದಾದ ಮುಂದೆ ಅದು ದೊಡ್ಡ ಮೊತ್ತವೇನಲ್ಲ.

ಎರಡು, ಭಾನುವಾರ ಹತ್ತು ನಿಮಿಷ ಅದರ ಜಿಲ್ಲಾ ಪುಟವನ್ನು ಅಪ್ಪ ಅಮ್ಮನ ಎದುರು ಗಟ್ಟಿಯಾಗಿ ಓದಿ. ಒತ್ತಕ್ಷರ ಎಡವಿದರೆ ಅವರು ತಿದ್ದುತ್ತಾರೆ. ನಿಮಗೆ ಓದು ಬರುತ್ತದೆ, ಅವರಿಗೆ ಊರು ಸಿಗುತ್ತದೆ.

ಮೂರು, ನಮ್ಮ ಸಂಘಗಳಿಗೆ ಸಂಬಂಧಿಸಿದ್ದು. ರಾಜ್ಯೋತ್ಸವಕ್ಕೋ ಯುಗಾದಿಗೋ ಜಾಹೀರಾತು ಕೊಡುವಾಗ ದೊಡ್ಡ ಪತ್ರಿಕೆಯ ಮೂಲೆಯಲ್ಲಿ ಕೊಡುವ ಬದಲು ಬೀದರಿನ, ಕಲಬುರಗಿಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ಅರ್ಧ ಪುಟ ಕೊಡೋಣ. ಅಲ್ಲಿ ಅದು ಒಬ್ಬ ವರದಿಗಾರನ ಒಂದು ತಿಂಗಳ ಸಂಬಳವಾದೀತು. ಕಾರ್ಯಕಾರಿ ಸಮಿತಿಯಲ್ಲಿ ಕೂರುವ ಹಿರಿಯರಿಗೆ ಈ ಮಾತನ್ನು ನೀವೇ ಹೇಳಿ, ನಮಗಿಂತ ನಿಮ್ಮ ಮಾತಿಗೆ ಅವರು ಬೇಗ ಕಿವಿಗೊಡುತ್ತಾರೆ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ಕಲ್ಲಚ್ಚಿನಲ್ಲಿ ಹೊರತಂದ. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಪರದೇಶದಿಂದ ಬಂದವನೊಬ್ಬ ನಮ್ಮ ಲಿಪಿಯನ್ನು ಕಲಿತು, ಊರಿನವರಿಗೆ ಊರಿನ ಸುದ್ದಿ ತಿಳಿಯಬೇಕು ಎಂದು ಕಲ್ಲಿನ ಮೇಲೆ ಬರೆಸಿದ. ಮುಂದಿನ ಜುಲೈ 1ರ ಹೊತ್ತಿಗೆ ನಿಮ್ಮಲ್ಲಿ ಹತ್ತು ಮಂದಿ ಒಂದು ಕನ್ನಡ ಪತ್ರಿಕೆಗೆ ಚಂದಾದಾರರಾಗಿದ್ದರೆ ಸಾಕು. ಯಾರು ಯಾವ ಪತ್ರಿಕೆ ಹಿಡಿದಿರಿ, ನಿಮ್ಮ ಊರಿನ ಯಾವ ಸುದ್ದಿ ಓದಿದಿರಿ ಎಂದು ನಾಲ್ಕು ಸಾಲು ಬರೆದು ತಿಳಿಸಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ಕನ್ನಡದಲ್ಲೇ ಬರೆಯಿರಿ. ನಮ್ಮಲ್ಲಿ ಕರಡು ತಿದ್ದುವವರು ಇನ್ನೂ ಇದ್ದಾರೆ!

ಮತ್ತೆ ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.